ಕಾಳಗವಲ್ಲ, ಕಗ್ಗೊಲೆ

ಮಾನ್ಯರೇ,

ಅಮೆರಿಕದ ದಕ್ಷಿಣ ಡಕೋಟದ ವೂಂಡೆಡ್ ನೀಯಲ್ಲಿ 1890ರ ಡಿಸೆಂಬರ್ 29ರಂದು ಸೇನೆ ಲಕೋಟ ಮೂಲನಿವಾಸಿಗಳನ್ನು ಕೊಂದದ್ದನ್ನು ಈಗಲೂ ಕೆಲವರು ‘ಕಾಳಗ’ ಎನ್ನುತ್ತಾರೆ. ಲಕೋಟ ಜನರ ‘ಪ್ರೇತ ನೃತ್ಯ’ ಎಂಬ ಧಾರ್ಮಿಕ ಆಚರಣೆಯಿಂದ ಗಲಭೆ ಎದ್ದಿತೆಂಬ ಮಾತೂ ಅರ್ಧಸತ್ಯ. ನೃತ್ಯ ನೆಪವಷ್ಟೇ; ಮೂಲ ಇರುವುದು ನೆಲದಲ್ಲಿ, ಹೊಟ್ಟೆಯಲ್ಲಿ.

1868ರ ಒಪ್ಪಂದ ಲಕೋಟರಿಗೆ ಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು, ಚಿನ್ನ ಸಿಕ್ಕ ಮೇಲೆ, 1877ರಲ್ಲಿ ಸರ್ಕಾರ ಕಿತ್ತುಕೊಂಡಿತು. 1889ರಲ್ಲಿ ಇನ್ನೂ ಸುಮಾರು 90 ಲಕ್ಷ ಎಕರೆ ಹೋಯಿತು. ನೆಲ ಬಿಟ್ಟುಕೊಡುವ ಕರಾರಿನ ರುಜು ಒಣಗುವ ಮುನ್ನವೇ, ಲಕೋಟರಿಗೆ ಮೀಸಲಿಟ್ಟ ಪ್ರದೇಶವಾದ ಪೈನ್ ರಿಡ್ಜ್‌ನ ಗೋಮಾಂಸದ ಪಡಿತರದಲ್ಲಿ 10 ಲಕ್ಷ ಪೌಂಡ್ ಖೋತಾ! ಕಾಡೆಮ್ಮೆಗಳು ಆಗಲೇ ಮುಗಿದಿದ್ದವು, ಬರದಿಂದ ಬೆಳೆಯೂ ಇಲ್ಲ. ಪ್ರೇತ ನೃತ್ಯ ಆಡಿದರೆ ಸತ್ತ ಬಂಧುಗಳೂ ಕಾಡೆಮ್ಮೆಗಳೂ ಮರಳುತ್ತವೆಂಬ ನಂಬಿಕೆಗೆ ಜನ ಜೋತುಬಿದ್ದದ್ದು ಆಗ.

1890ರ ಡಿಸೆಂಬರ್ 15ರಂದು ಲಕೋಟ ಮುಖಂಡ ಸಿಟ್ಟಿಂಗ್ ಬುಲ್ ಹತನಾದ. ಹೆದರಿದ ಇನ್ನೊಬ್ಬ ಮುಖಂಡ ಬಿಗ್ ಫುಟ್ ತನ್ನ ಸುಮಾರು 350 ಜನರೊಂದಿಗೆ ಪೈನ್ ರಿಡ್ಜ್‌ನತ್ತ ಹೊರಟ. ಹೆಚ್ಚಿನವರು ಹೆಂಗಸರು, ಮಕ್ಕಳು. ಆತನಿಗೋ ನ್ಯುಮೋನಿಯಾ. ವೂಂಡೆಡ್ ನೀಯಲ್ಲಿ ಅಮೆರಿಕ ಸೇನೆಯ ಏಳನೇ ಅಶ್ವದಳದ ಸುಮಾರು 500 ಸೈನಿಕರು ಸುತ್ತುವರಿದು, ಗುಡ್ಡದ ಮೇಲೆ 4 ಹಾಚ್‌ಕಿಸ್ ಫಿರಂಗಿಗಳನ್ನು ಗುಡಾರಗಳಿಗೆ ಗುರಿಯಿಟ್ಟರು. ಬಂದೂಕು ಒಪ್ಪಿಸುವಾಗ ನೂಕಾಟದಲ್ಲಿ ಒಂದು ಗುಂಡು ಹಾರಿತು. ಆಮೇಲೆ ಕಂದರಕ್ಕೆ ಓಡಿದವರನ್ನೂ ಬೆನ್ನಟ್ಟಿ ಕೊಂದರು. ಹೆಂಗಸರ ಹೆಣಗಳು ಸುಮಾರು 3 ಕಿ.ಮೀ. ದೂರದವರೆಗೂ ಸಿಕ್ಕವು. ವೃತ್ತಾಕಾರವಾಗಿ ನಿಂತ ಸೈನಿಕರ ಗುಂಡುಗಳು ತಮ್ಮವರಿಗೇ ತಗುಲಿದ್ದೂ ಉಂಟು.

ಹಿಮಗಾಳಿ ನಿಂತ ಬಳಿಕ, ಸೆಟೆದ 146 ಶವಗಳನ್ನು ಒಂದೇ ಗುಂಡಿಗೆ ಹಾಕಿದರು. ಆ ದಳದವರಿಗೆ ದೇಶದ ಅತ್ಯುಚ್ಚ ಶೌರ್ಯಪದಕಗಳು ಬಂದವು. 1990ರಲ್ಲಿ ಅಮೆರಿಕದ ಸಂಸತ್ತು ವಿಷಾದ ಸೂಚಿಸಿತು, ಪದಕಗಳನ್ನು ಮುಟ್ಟಲಿಲ್ಲ.

– ಒಬ್ಬ ಓದುಗ, ಧಾರವಾಡ