ಝೆರಾಕ್ಸ್ ಅಂಗಡಿಯಲ್ಲಿ ಸಿಕ್ಕ ಅಣ್ಣಾರಿಗೆ

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳು ಮೇಲೇಳುವುದನ್ನು ಮಕ್ಕಳಿಗೆ ಪವರ್‌ಪಾಯಿಂಟ್‌ನಲ್ಲಿ ತೋರಿಸಬೇಕಿತ್ತು. ಏರುತ್ತಿದ್ದವು, ಆದರೆ ಒಂದೊಂದೂ ಒಂದೊಂದು ಎತ್ತರಕ್ಕೆ ನಿಲ್ಲುತ್ತಿತ್ತು. ಎರಡು ರಾತ್ರಿ ಮೌಸ್‌ನಲ್ಲಿ ಎಳೆದೆಳೆದು ಸೋತಿದ್ದೆ.

ಕೊಪ್ಪಳದ ಅಂಗಡಿಯಲ್ಲಿ ಪಕ್ಕ ಕುಳಿತಿದ್ದ ನೀವು, "ಟೀಚರ್, ಕಣ್ಣಳತಿ ಬ್ಯಾಡ್ರಿ, ಅಂಕಿ ಹಾಕ್ರಿ" ಅಂದಿರಿ. ಆಕೃತಿಗಳನ್ನು ಹೊಂದಿಸುವ ಫಾರ್ಮ್ಯಾಟ್ ಶೇಪ್‌ನ ಪೊಸಿಷನ್‌ನಲ್ಲಿ ಎಲ್ಲ ಗೇಟಿಗೂ ಒಂದೇ ಲಂಬ ಅಳತೆ, ಸೆಂಟಿಮೀಟರ್‌ನಲ್ಲಿ. ಮೊದಲನೆಯದಕ್ಕೆ ಮೋಷನ್ ಪಾತ್ (ಚಿತ್ರ ಸಾಗುವ ದಾರಿ) ಕೊಟ್ಟು, ಒಂದರ ಚಲನೆಯನ್ನು ಇನ್ನೊಂದಕ್ಕೆ ನಕಲು ಮಾಡುವ ಅನಿಮೇಷನ್ ಪೇಂಟರ್ ಮೇಲೆ ಎರಡು ಸಲ ಒತ್ತಿ ಉಳಿದ 32ಕ್ಕೂ ಅದನ್ನೇ ಹಚ್ಚಿಸಿದಿರಿ. ಪಾತ್ ಮೇಲೆ ಒತ್ತಿದಾಗ ತುದಿಯಲ್ಲಿ ಕಾಣುವ ಮಸುಕು ಚಿತ್ರವೇ ಗೇಟು ನಿಲ್ಲುವ ಜಾಗ ಅಂತ ತಿಳಿಸಿದ್ದೂ ನೀವೇ. ಇದೊಂದು ಗೊತ್ತಿದ್ದರೆ ಆ ಎರಡು ರಾತ್ರಿ ಉಳಿಯುತ್ತಿದ್ದವು.

ಚಹಾನೂ ಕುಡಿಯದೆ ಗಂಗಾವತಿ ಬಸ್ಸಿಗೆ ಓಡಿದಿರಿ, ಹೆಸರು ಕೇಳಲಾಗಲಿಲ್ಲ. ನಿನ್ನೆ ಎಲ್ಲ ಗೇಟೂ ಒಂದೇ ಗೆರೆಗೆ ನಿಂತವು ಅಣ್ಣಾರ. ಮನಸಾರೆ ಧನ್ಯವಾದ.