ತೂಕದ ಚೀಟಿಯ ಜತೆಗೆ ಟೇಪೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದರೆ ಸಾಕು, ಉಡುಪಿ-ಮಂಗಳೂರಿನ ಸುತ್ತಮುತ್ತ ಉಚಿತ ಆರೋಗ್ಯ ತಪಾಸಣಾ ಶಿಬಿರಗಳ ಸಾಲು. ಯುವಕ ಮಂಡಲ, ಭಜನಾ ಮಂದಿರ, ಚರ್ಚ್ ಹಾಲ್, ಮದರಸ, ಎಲ್ಲಿ ನಡೆದರೂ ಕ್ರಮ ಹೆಚ್ಚುಕಡಿಮೆ ಒಂದೇ: ತೂಕ, ಎತ್ತರ, ಬಿಪಿ, ಶುಗರ್. ತೂಕ-ಎತ್ತರದಿಂದ ಬಿಎಂಐ (ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) ಲೆಕ್ಕ ಹಾಕಿ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆದುಕೊಟ್ಟರೆ ಆ ಮೇಜಿನ ಕೆಲಸ ಮುಗಿಯಿತು. ಹೀಗೆ ಹೊಟ್ಟೆಯ ಸುತ್ತಳತೆ ನೋಡದೆ ಅಲ್ಲಿಗೇ ಬಿಡುವುದರಿಂದ ಎಚ್ಚರ ವಹಿಸಬೇಕಾದವರೇ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

165 ಸೆಂ.ಮೀ. ಎತ್ತರ, 62 ಕಿಲೋ ತೂಕದ ಒಬ್ಬ ಗಂಡಸನ್ನು ತೆಗೆದುಕೊಳ್ಳಿ. ಬಿಎಂಐ 22.8. ಕೈಕಾಲು ಸಪೂರ, ಆದರೆ ಹೊಟ್ಟೆಯ ಸುತ್ತಳತೆ 94 ಸೆಂ.ಮೀ. ನಮ್ಮಲ್ಲಿ ಈ ಮೈಕಟ್ಟು ಅಪರೂಪವಲ್ಲ. ಕರುಳಿನ ಸುತ್ತ ತುಂಬಿಕೊಂಡ ಕೊಬ್ಬು ಕರಗಿ ನೇರ ಪಿತ್ತಜನಕಾಂಗಕ್ಕೆ ಹೋಗುತ್ತದೆ, ಅಲ್ಲಿ ಶೇಖರವಾಗುತ್ತದೆ. ಆಮೇಲೆ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಸಕ್ಕರೆ ಏರುತ್ತದೆ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ. ತೊಡೆ, ಸೊಂಟದ ಚರ್ಮದಡಿಯ ಕೊಬ್ಬು ಇಷ್ಟು ಉಪದ್ರ ಕೊಡುವುದಿಲ್ಲ. ಕೊಬ್ಬು ಎಷ್ಟಿದೆ ಎಂಬಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ತಕ್ಕಡಿಗೆ ಅದು ಕಾಣದು.

ಬಿಎಂಐಯ ಮೂಲಸೂತ್ರ 1830ರ ದಶಕದಲ್ಲಿ ಬೆಲ್ಜಿಯಂನ ಕೆಟಲೆ ಎಂಬವರು ಜನಸಮೂಹದ ಸರಾಸರಿ ನೋಡಲು ಮಾಡಿದ್ದು, ಒಬ್ಬೊಬ್ಬರ ಆರೋಗ್ಯಕ್ಕೆ ಮುದ್ರೆ ಒತ್ತಲು ಅಲ್ಲ. ಅದರ ಮೇಲೆ ಇನ್ನೊಂದು ಎಡವಟ್ಟು: ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಹಿಡಿಯುತ್ತಾರೆ. ಮೊಬೈಲ್ ಆ್ಯಪ್‌ಗಳು ಹೆಚ್ಚಾಗಿ 25ರವರೆಗೂ ‘ನಾರ್ಮಲ್’ ಎನ್ನುತ್ತವೆ. ಮೇಲೆ ಹೇಳಿದ ವ್ಯಕ್ತಿಗೆ ಮಿತಿ ಸುಮಾರು 62.5 ಕಿಲೋ; ಆ್ಯಪ್ ಮಾತ್ರ 68ರವರೆಗೆ ಸುಮ್ಮನಿರುತ್ತದೆ.

ಸುತ್ತಳತೆಯ ಮಿತಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಎಂಬ ಲೆಕ್ಕವೂ ಸುಲಭ. ಪ್ಯಾಂಟಿನ ಸೈಜ್ ಹೇಳಿದರೆ ಆಗದು, ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ! ಪಕ್ಕೆಲುಬಿನ ಕೊನೆಯ ಎಲುಬು, ಸೊಂಟದ ಮೂಳೆಯ ಮೇಲಂಚು, ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ ನಡುವೆ ಗುರುತು ಮಾಡಬೇಕು. ಪಾದಗಳನ್ನು ಸ್ವಲ್ಪ ಅಗಲಿಸಿ ನಿಲ್ಲಿಸಿ, ಟೇಪು ಬೆನ್ನ ಹಿಂದೆ ಇಳಿಯದಂತೆ ನೆಲಕ್ಕೆ ಸಮಾನವಾಗಿ ಸುತ್ತಬೇಕು. ಚರ್ಮ ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟ ಕೊನೆಗೆ ಓದಬೇಕು. ಹೊಟ್ಟೆ ಒಳಗೆಳೆದುಕೊಂಡರೆ ಅಳತೆ ಹೋಯಿತು. ಮಾತಾಡಿಸುತ್ತಾ ಅಳೆದರೆ ಈ ತೊಂದರೆ ಕಡಿಮೆ. ದರ್ಜಿಯ ಬಟ್ಟೆ ಟೇಪು ಹಳತಾದಂತೆ ಹಿಗ್ಗುತ್ತದೆ, ಆಗಾಗ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ.

ತೂಕದ ಯಂತ್ರವೂ ಅಷ್ಟೇ. ಚಪ್ಪರದಡಿ ಹಾಸಿದ ಮ್ಯಾಟ್ ಮೇಲೋ ಏರುತಗ್ಗಿನ ಅಂಗಳದಲ್ಲೋ ಇಟ್ಟರೆ ತಪ್ಪು ತೋರಿಸುತ್ತದೆ. ಗಟ್ಟಿ, ಸಮತಟ್ಟು ನೆಲ ಬೇಕು. ಅರ್ಧ ಲೀಟರ್ ನೀರು ಕುಡಿದರೆ ಅರ್ಧ ಕಿಲೋ ಏರುವುದು ಸಹಜ. ದಿನಾ ತೂಕ ನೋಡಿ ಕಂಗಾಲಾಗುವ ಬದಲು ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ಬಳಿಕ, ತಿಂಡಿಗೆ ಮುಂಚೆ ನೋಡಿದರೆ ಸಾಕು.

ಅನ್ನ ಬಿಟ್ಟು ರಾತ್ರಿ ಚಪಾತಿ ಹಿಡಿದವರಿಗೂ ಒಂದು ಮಾತು. ಕುಚ್ಚಲಕ್ಕಿಯಾಗಲಿ ಗೋಧಿಯಾಗಲಿ, 100 ಗ್ರಾಂಗೆ ಸಿಗುವ ಶಕ್ತಿ ಹತ್ತಿರ ಹತ್ತಿರ ಒಂದೇ, ಸುಮಾರು 350 ಕಿಲೋ ಕ್ಯಾಲರಿ. ಪ್ರಶ್ನೆ ಇರುವುದು ರಾಶಿಯಲ್ಲಿ, ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ ಎಣ್ಣೆಗೇ ಸುಮಾರು 120. ನಾಲ್ವರ ಮನೆಗೆ ತಿಂಗಳಿಗೆ 3 ಲೀಟರ್ ಮೀರದಿರಲಿ. ಗಸಿಯ ತೆಂಗಿನಕಾಯಿ ಬೇರೆ ಇದ್ದೇ ಇದೆ. ಬಂಗುಡೆಯನ್ನು ಕಾವಲಿಯಲ್ಲಿ ಹುರಿಯುವ ಬದಲು ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿದರೆ ಪ್ರೋಟೀನ್ ಕಡಿಮೆಯಾಗದು, ಎಣ್ಣೆ ಉಳಿಯುತ್ತದೆ. ಮೀನು ತಿನ್ನದವರಿಗೆ ಹುರುಳಿ ಸಾರು, ಹೆಸರುಕಾಳು ಗಸಿ ಇವೆ.

ತೂಕ ಇಳಿಯದಿದ್ದರೆ ನಡಿಗೆ ವ್ಯರ್ಥ ಎಂದು ಕೈಬಿಡುವವರು ಬಹಳ. ಚೆನ್ನೈಯ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇವರಿಗೇ ಹೇಳಿ ಮಾಡಿಸಿದಂತಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಪೈಕಿ ನಡಿಗೆ, ಆಹಾರದಲ್ಲಿ ಶಿಸ್ತು ತಂದುಕೊಂಡ ಗುಂಪಿನಲ್ಲಿ ರೋಗ ಬರುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತು. ಹೇಳಿಕೊಳ್ಳುವಷ್ಟು ತೂಕವೇನೂ ಇಳಿದಿರಲಿಲ್ಲ. ಹಾಗೆಂದು ತೂಕ ಲೆಕ್ಕಕ್ಕಿಲ್ಲ ಎಂದಲ್ಲ. ಮೊಣಕಾಲು ನೋವು, ಗೊರಕೆ, ಬಿಪಿ ಇದ್ದವರಿಗೆ ಶೇ. 5-10 ಇಳಿದರೂ ಬಹಳ ಹಗುರ. ವಾರಕ್ಕೆ ಅರ್ಧ ಕಿಲೋ ಸಾಕು. ಪಥ್ಯ ಮಾಡಿ ದಡಬಡ ಇಳಿಸಿದರೆ ಮಾಂಸಖಂಡವೂ ಹೋಗುತ್ತದೆ, ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು.

ಇನ್ನು, ತಾನಾಗಿ ಇಳಿಯುವ ತೂಕ. “ಸಪೂರ ಆಗಿದ್ದೀರಿ, ಒಳ್ಳೆಯದಾಯಿತು” ಎಂದು ಹೊಗಳುವ ಮೊದಲು ವಿಚಾರಿಸಬೇಕು. ಆರೇಳು ತಿಂಗಳಲ್ಲಿ ಪ್ರಯತ್ನವಿಲ್ಲದೆ ಶೇ. 5, ಅಂದರೆ 60 ಕಿಲೋದವರಿಗೆ 3 ಕಿಲೋ ಇಳಿದಿದ್ದರೆ ಸಕ್ಕರೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್ ಎಲ್ಲವನ್ನೂ ನೋಡಬೇಕಾಗುತ್ತದೆ. ಹಿರಿಯರಿಗೆ ಒಂದು ಸುಲಭ ಪರೀಕ್ಷೆ: ಕೈಕಟ್ಟಿಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂರಲು 12 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮಾಂಸಖಂಡದ ಬಲ ಕುಗ್ಗಿರಬಹುದು. ಅಂಥವರಿಗೆ ಬೇಕಾದ್ದು ಊಟ ಕಡಿಮೆ ಮಾಡುವ ಸಲಹೆಯಲ್ಲ.

ಶಿಬಿರದ ಸಂಘಟಕರಲ್ಲಿ ವಿನಂತಿ ಇಷ್ಟೇ. ಚೀಟಿಯಲ್ಲಿ ಎರಡು ಸಾಲು ಸೇರಿಸಿ: ಹೊಟ್ಟೆಯ ಸುತ್ತಳತೆ, ಮತ್ತು ಆರು ತಿಂಗಳಲ್ಲಿ ತಾನಾಗಿ ತೂಕ ಇಳಿದಿದೆಯೇ ಎಂಬ ಪ್ರಶ್ನೆ. ಹೆಂಗಸರ ಅಳತೆಗೆ ಒಂದು ಪರದೆ, ಒಬ್ಬ ದಾದಿ ಇರಲೇಬೇಕು. ಸೀರೆಯ ನೆರಿಗೆ ಸರಿಸಿ ಲಂಗದ ಲಾಡಿ ಸಡಿಲಿಸದೆ ಮೇಲಿಂದ ಮೇಲೆ ಟೇಪು ಸುತ್ತಿದರೆ ಸಿಗುವುದು ಬಟ್ಟೆಯ ಅಳತೆ ಮಾತ್ರ.

– ಓರ್ವ ಆಹಾರ ತಜ್ಞೆ, ಅಜ್ಜರಕಾಡು, ಉಡುಪಿ