ಮನೆ ಸ್ಟುಡಿಯೊದ ಮೊದಲ ಖರ್ಚು ಮೈಕಿನದಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮನೆಯಲ್ಲೇ ಧ್ವನಿಮುದ್ರಣ ಮಾಡಿಕೊಳ್ಳುವವರಿಗಾಗಿ ತಮ್ಮ ಪುರವಣಿಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೈಕುಗಳ ಹೆಸರು ಮತ್ತು ಗುಣಗಳನ್ನು ಲೇಖಕರು ಶ್ರಮವಹಿಸಿ ಕಲೆಹಾಕಿದ್ದಾರೆ. ಆದರೆ ಆ ಪಟ್ಟಿಯನ್ನು ನಂಬಿ ಕಲಬುರಗಿಯ ಹುಡುಗನೊಬ್ಬ ಮೊಬೈಲಿನಲ್ಲಿ ಆರ್ಡರ್ ಹಾಕಿದರೆ ಅವನ ದುಡ್ಡಿನ ಮುಕ್ಕಾಲು ಪಾಲು ಮೈಕಿಗೇ ಹೋಗಿ, ಆ ಮೈಕನ್ನು ಇಡಬೇಕಾದ ಕೋಣೆಗೆ ಏನೂ ಉಳಿಯುವುದಿಲ್ಲ. ನಮ್ಮ ಭಾಗದ ಮನೆಗಳ ರಚನೆ, ಇಲ್ಲಿನ ಬೇಸಿಗೆ ಮತ್ತು ಕರೆಂಟಿನ ಸ್ಥಿತಿಯನ್ನು ಗಮನಿಸಿದರೆ ಖರ್ಚಿನ ಕ್ರಮ ಇದಕ್ಕೆ ತಿರುವುಮುರುವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುವ ಭಜನಾ ಮಂಡಳಿಯವರಿಂದ ಹಿಡಿದು ಯೂಟ್ಯೂಬಿಗೆ ಪಾಠ ಹೇಳುವ ಶಿಕ್ಷಕರವರೆಗೆ ಹಲವರು ಈ ವಿಷಯದಲ್ಲಿ ಸಲಹೆ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಗಳ ನೆಲ ಶಹಾಬಾದ್ ಪರಸಿಯದು, ಇಲ್ಲವೇ ಟೈಲ್ಸಿನದು. ಗೋಡೆಗೆ ನುಣುಪಾದ ಗಿಲಾವು, ಮೇಲೆ ಸ್ಲ್ಯಾಬು. ಧ್ವನಿಯನ್ನು ಹೀರಿಕೊಳ್ಳುವ ವಸ್ತು ಒಂದೂ ಇರುವುದಿಲ್ಲ. ಸಾಮಾನಿಲ್ಲದ ಅಂಥ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಅದರ ಬೆನ್ನಿಗೇ ತಗಡು ನಡುಗಿದಂಥ ಸಣ್ಣದೊಂದು 'ಟರ್ರ್' ಎಂಬ ಸದ್ದು ಕೇಳಿಸುತ್ತದೆ. ಎದುರುಬದುರಿನ ಗೋಡೆಗಳ ನಡುವೆ ಧ್ವನಿ ಓಡಾಡುವುದರಿಂದ ಹುಟ್ಟುವ ಈ ಸದ್ದು ಹಾಡಿನ ಪ್ರತಿಯೊಂದು ಅಕ್ಷರಕ್ಕೂ ಅಂಟಿಕೊಂಡೇ ಮುದ್ರಣವಾಗುತ್ತದೆ, ಮತ್ತು ಹಾಗೆ ಅಂಟಿದ್ದನ್ನು ಯಾವ ಸಾಫ್ಟ್‌ವೇರಿನಿಂದಲೂ ಪೂರ್ತಿಯಾಗಿ ಬಿಡಿಸಲಾಗುವುದಿಲ್ಲ. ಮೈಕು ದುಬಾರಿಯಾದಷ್ಟೂ ಈ ದೋಷ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ, ಅಷ್ಟೆ.

ಇದಕ್ಕೆ ಪರಿಹಾರ ನಮ್ಮ ಮನೆಗಳಲ್ಲೇ ಇದೆ. ದಪ್ಪನೆಯ ಕೌದಿಯನ್ನು ಎರಡು ಮಡಿಕೆ ಮಾಡಿ, ಗೋಡೆಗೆ ಒತ್ತಿಕೊಳ್ಳದಂತೆ ಒಂದು ಗೇಣು ಮುಂದಕ್ಕೆ ಹಗ್ಗ ಕಟ್ಟಿ ಇಳಿಬಿಡಬೇಕು. ನಡುವಿನ ಗಾಳಿಯ ಜಾಗದಿಂದಾಗಿ ಕೌದಿಯ ಹೀರುವ ಶಕ್ತಿ ಹೆಚ್ಚುತ್ತದೆ. ಹೆಚ್ಚಿನವರು ಅದನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಆದರೆ ಗಾಯನಕ್ಕೆ ಬಳಸುವ ಕಾರ್ಡಿಯಾಯ್ಡ್ ಮೈಕು ತನ್ನ ಹಿಂಬದಿಯ ಸದ್ದನ್ನು ಹೇಗೂ ಕಡಿಮೆ ಕೇಳಿಸಿಕೊಳ್ಳುತ್ತದೆ. ಅದು ನೇರವಾಗಿ ನೋಡುತ್ತಿರುವುದು ಹಾಡುವವರನ್ನು ಮತ್ತು ಅವರ ಬೆನ್ನ ಹಿಂದಿನ ಗೋಡೆಯನ್ನು. ಆದ್ದರಿಂದ ಮೊದಲ ಕೌದಿ ಹಾಡುವವರ ಬೆನ್ನ ಹಿಂದೆ ಇರಬೇಕು, ಎರಡನೆಯದು ಪಕ್ಕದಲ್ಲಿ, ಕೆಳಗೆ ಜಮಖಾನ. ಪುಸ್ತಕ ತುಂಬಿದ ಕಪಾಟು, ಹತ್ತಿಯ ಗಾದಿ, ಬಟ್ಟೆ ತೂಗುಹಾಕಿದ ಗೂಟ ಇವೆಲ್ಲ ಇರುವ ಮಲಗುವ ಕೋಣೆ, ಖಾಲಿ ಹಾಲಿಗಿಂತ ಎಷ್ಟೋ ಪಾಲು ಉತ್ತಮ ಸ್ಟುಡಿಯೊ.

ಆನ್‌ಲೈನಿನಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಒಂದು ಇಂಚಿನ ಕಪ್ಪು ಫೋಮಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಅದು ಎತ್ತರದ ಸ್ವರಗಳನ್ನು ಮಾತ್ರ ಹೀರುತ್ತದೆ. 100 ಹರ್ಟ್ಸ್‌ನ ತಗ್ಗು ಸ್ವರದ ತರಂಗದ ಉದ್ದ ಸುಮಾರು 3.4 ಮೀಟರ್; ಅದರ ಮುಂದೆ ಒಂದು ಇಂಚು ಸ್ಪಂಜಿನ ಆಟ ನಡೆಯುವುದಿಲ್ಲ. ಹೀಗಾಗಿ ಗೋಡೆಯ ತುಂಬ ಫೋಮ್ ಅಂಟಿಸಿದ ಕೋಣೆಯಲ್ಲಿ ದಗ್ಗದ (ತಬಲಾ ಜೋಡಿಯ ಎಡಗೈ ವಾದ್ಯ) ಗುಮುಕು ಗುಂಯ್‌ಗುಡುತ್ತಲೇ ಇದ್ದು, ಹಾಡುವವರ ಕಂಠ ಮಾತ್ರ ಮಂಕಾಗುತ್ತದೆ. ಹೊರಗಿನ ಗದ್ದಲವನ್ನು ತಡೆಯುವುದಂತೂ ಫೋಮಿನಿಂದ ಸಾಧ್ಯವೇ ಇಲ್ಲ. ಅದಕ್ಕೆ ಭಾರವಾದ ಬಾಗಿಲು ಬೇಕು, ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚಬೇಕು.

ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಫ್ಯಾನು, ಕೂಲರು ಬಂದ್ ಮಾಡಿ ಹಾಡಿ ಎನ್ನುವುದು ಹೇಳಿದಷ್ಟು ಸುಲಭವಲ್ಲ. ಆದರೂ ಬೇರೆ ದಾರಿಯಿಲ್ಲ. ಕೋಣೆಯನ್ನು ಮೊದಲು ತಂಪು ಮಾಡಿಕೊಂಡು, ಒಂದೊಂದು ನುಡಿ ಹಾಡುವಷ್ಟು ಹೊತ್ತು ಮಾತ್ರ ಎಲ್ಲವನ್ನೂ ಬಂದ್ ಮಾಡುವುದೇ ರೂಢಿಯಲ್ಲಿರುವ ಉಪಾಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳಿಗೆ ನಿರ್ಬಂಧವಿದೆ. ಮುದ್ರಣಕ್ಕೆ ಆ ಹೊತ್ತೇ ಪ್ರಶಸ್ತ. ನಿಯಮವು ನಮ್ಮ ಬಡಾವಣೆಗಳಲ್ಲಿ ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದಕ್ಕೆ ಇನ್ನೊಂದು ಪತ್ರವನ್ನೇ ಬರೆಯಬೇಕಾದೀತು.

ಇನ್ನು ಮೈಕಿನ ವಿಚಾರ. ಸ್ಟುಡಿಯೊಗಳಲ್ಲಿ ಬಳಸುವ, ಸೂಕ್ಷ್ಮ ಸದ್ದನ್ನೂ ಹಿಡಿಯುವ ಮೈಕು ಕಂಡೆನ್ಸರ್; ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಹಾಡುವಂಥ ಗಟ್ಟಿಮುಟ್ಟಾದದ್ದು ಡೈನಮಿಕ್. ಕಂಡೆನ್ಸರ್ ಮೈಕು ಕೋಣೆಯ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಮಿಕ್ ಮೈಕು ಎಳೆದುಕೊಳ್ಳುವುದಿಲ್ಲ ಎಂದು ಲೇಖನದಲ್ಲಿದೆ. ಇದು ಅರ್ಧ ಸತ್ಯ. ಮೈಕಿನಿಂದ ಬಾಯಿ ದೂರವಾಗುತ್ತ ಅಂತರ ಇಮ್ಮಡಿಯಾದಾಗಲೆಲ್ಲ ನೇರ ಧ್ವನಿ ಸುಮಾರು 6 ಡೆಸಿಬಲ್ ತಗ್ಗುತ್ತದೆ, ಕೋಣೆಯ ಪ್ರತಿಧ್ವನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎರಡು ಇಂಚಿನಲ್ಲಿ ಹಾಡುವವರು ಎಂಟು ಇಂಚಿಗೆ ಸರಿದರೆ 12 ಡೆಸಿಬಲ್ ಹೋಯಿತು. ಅಂದರೆ ವ್ಯತ್ಯಾಸ ಹುಟ್ಟುವುದು ಮೈಕಿನ ಜಾತಿಗಿಂತ ಹೆಚ್ಚಾಗಿ ಅಂತರದಿಂದ. ಶೂರ್ ಕಂಪನಿಯ ಎಸ್‌ಎಂ58ರಂಥ ಡೈನಮಿಕ್ ಮೈಕು ಎರಡು ಇಂಚಿನ ಹತ್ತಿರದಲ್ಲಿ ಹಾಡಿದರೂ ತಡೆದುಕೊಳ್ಳುವಂತೆ ರೂಪುಗೊಂಡಿದೆ. ಆಡಿಯೊ-ಟೆಕ್ನಿಕಾ ಎಟಿ2020ಯಂಥ ಕಂಡೆನ್ಸರನ್ನು ಅಷ್ಟು ಹತ್ತಿರ ತಂದರೆ 'ಪ', 'ಬ' ಅಕ್ಷರಗಳ ಗಾಳಿ ಢಬ್ ಎಂದು ಬಡಿಯುವುದರಿಂದ ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಜಾಲರಿ) ಇಟ್ಟು ತುಸು ದೂರ ನಿಲ್ಲಲೇಬೇಕಾಗುತ್ತದೆ. ಕೋಣೆ ಇನ್ನೂ ತಯಾರಾಗಿಲ್ಲದವರು ಮೊದಲು ಡೈನಮಿಕ್ ಕೊಳ್ಳಲಿ ಎಂದು ನಾನು ಹೇಳುವುದು ಈ ಕಾರಣಕ್ಕಾಗಿ. ಏಕತಾರಿ, ಸಿತಾರ್‌ಗಳ ತಂತಿಯ ಸೂಕ್ಷ್ಮ ಬೇಕೆನ್ನುವವರಿಗೆ ಮಾತ್ರ ಕಂಡೆನ್ಸರಿನ ಅಗತ್ಯ ನಿಜವಾಗಿಯೂ ಇದೆ. ನಮ್ಮಲ್ಲಿ ಅದಕ್ಕೆ ಇನ್ನೊಂದು ಕಾಟ ಧೂಳಿನದು. ಕೆಲಸ ಮುಗಿದ ಕೂಡಲೇ ಮೈಕನ್ನು ಡಬ್ಬಿಗೆ ಸೇರಿಸುವ ಅಭ್ಯಾಸವಿಲ್ಲದಿದ್ದರೆ ಒಳಗಿನ ತೆಳುಪರದೆ ಬಹಳ ದಿನ ಸುಸ್ಥಿತಿಯಲ್ಲಿ ಇರಲಾರದು.

ಭಜನಾ ಮಂಡಳಿಯವರು ತಲೆಗೊಂದು ಮೈಕು ಬೇಕೆಂದು ಕೇಳುತ್ತಾರೆ. ಬೇಕಿಲ್ಲ. ಮುಖ್ಯ ಗಾಯಕರಿಗೊಂದು, ಉಳಿದವರಿಗೆ ಮತ್ತು ವಾದ್ಯಗಳಿಗೆ ಸೇರಿ ಇನ್ನೊಂದು ಸಾಕು. ಕೂಡುವ ಜಾಗವನ್ನು ಹಿಂದೆಮುಂದೆ ಮಾಡಿದರೆ ಉಳಿದದ್ದು ತಾನೇ ಹೊಂದುತ್ತದೆ: ತಾಳದವರು ಎಲ್ಲರಿಗಿಂತ ದೂರ, ದನಿ ಎತ್ತುವವರು ಪಕ್ಕಕ್ಕೆ, ಹಾರ್ಮೋನಿಯಂನ ತಿದಿಯ ಬದಿ ಮೈಕಿಗೆ ಎದುರಾಗದಂತೆ. ತಾಳದ ಪೆಟ್ಟು ಎಷ್ಟು ಹರಿತವೆಂದರೆ, ಅದೊಂದು ಹತ್ತಿರವಿದ್ದರೆ ಇಡೀ ಮೇಳದ ಮಟ್ಟವನ್ನು ತಗ್ಗಿಸಿ ಮುದ್ರಿಸಬೇಕಾಗುತ್ತದೆ.

ಎರಡು ಮೈಕು ಎಂದ ಮೇಲೆ ಎರಡು ಮೈಕು-ಪ್ರವೇಶಗಳಿರುವ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ ಬೇಕು. ಅದರಲ್ಲಿ ನೋಡಬೇಕಾದದ್ದು ಮೂರೇ: ಕಂಡೆನ್ಸರಿಗೆ ಅದರ ವಯರಿನ ಮೂಲಕವೇ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್, ಡೈನಮಿಕ್ ಮೈಕಿನ ಕ್ಷೀಣ ಸಂಕೇತವನ್ನು ಎತ್ತಲು ಕನಿಷ್ಠ 55 ಡೆಸಿಬಲ್ ಗೇನ್ (ಸಂಕೇತವನ್ನು ವರ್ಧಿಸುವ ಶಕ್ತಿ), ಮತ್ತು ಹಾಡುವವರು ತಮ್ಮ ದನಿಯನ್ನು ತಡವಿಲ್ಲದೆ ಕೇಳಿಸಿಕೊಳ್ಳಲು ಡೈರೆಕ್ಟ್ ಮಾನಿಟರ್ ಗುಂಡಿ. ಮೈಕು, ಸ್ಟ್ಯಾಂಡು, ಬಣ್ಣದ ದೀಪಗಳ ಸೌಂಡ್ ಕಾರ್ಡು ಎಲ್ಲ ಸೇರಿಸಿ ಅಗ್ಗಕ್ಕೆ ಮಾರುವ ಕಾಂಬೊ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಈ ಮೂರರಲ್ಲಿ ಮೊದಲೆರಡು ಇರುವುದಿಲ್ಲ. ನಗುವಿನ ಸದ್ದು, ಚಪ್ಪಾಳೆಯ ಸದ್ದು ಬರಿಸುವ ಗುಂಡಿಗಳು ಮಾತ್ರ ಬೇಕಾದಷ್ಟಿರುತ್ತವೆ. ನಿಜವಾದ ಕಂಡೆನ್ಸರ್ ಮೈಕನ್ನು ಅಂಥ ಸೌಂಡ್ ಕಾರ್ಡುಗಳಿಗೆ ಜೋಡಿಸಿದರೆ ದನಿ ಸಣ್ಣಗಾಗಿ, ಸರಸರ ಸದ್ದೇ ದೊಡ್ಡದಾಗುತ್ತದೆ. ಕೊಂಡವರು ಮೈಕು ಕೆಟ್ಟಿದೆಯೆಂದು ವಾಪಸು ಕಳಿಸುತ್ತಾರೆ.

ಸ್ಪೀಕರುಗಳ ವಿಷಯದಲ್ಲಿ ನನ್ನ ಮಾತು ಹಲವರಿಗೆ ಹಿಡಿಸುವುದಿಲ್ಲವೆಂದು ಬಲ್ಲೆ. ಸರಿಪಡಿಸದ ಕೋಣೆಯಲ್ಲಿ ಯಮಹಾ ಎಚ್‌ಎಸ್5ರಂಥ ಒಳ್ಳೆಯ ಮಾನಿಟರ್ (ಸ್ಟುಡಿಯೊ ಸ್ಪೀಕರು) ಇಟ್ಟರೂ ಕಿವಿಗೆ ಬೀಳುವುದು ಸ್ಪೀಕರಿನಷ್ಟೇ ಗೋಡೆಯ ದನಿ ಕೂಡ. ಮೊದಲ ವರ್ಷಕ್ಕೆ ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಸಾಕು. ಹಾಡುವಾಗ ಪಕ್ಕವಾದ್ಯದ ಸದ್ದು ಮೈಕಿಗೆ ಸೋರದಂತೆ ತಡೆಯಲು ಹೇಗೂ ಅದು ಬೇಕೇ ಬೇಕು.

ಕರೆಂಟಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮಲ್ಲಿ ಅರ್ಧ ತಕರಾರು ಬರುವುದೇ ಅದರಿಂದ. ರೆಕಾರ್ಡಿಂಗಿನ ತಳದಲ್ಲಿ 'ಗುಂಯ್' ಎಂಬ ಸದ್ದು ನಿರಂತರವಾಗಿದ್ದರೆ ಅದು ಬಹುಮಟ್ಟಿಗೆ 50 ಹರ್ಟ್ಸ್‌ನ ಕರೆಂಟಿನದು, ಅರ್ಥಿಂಗ್ ಸರಿಯಿಲ್ಲ ಎಂಬುದರ ಸೂಚನೆ. ಯರಿ ಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗಿ ತನ್ನ ಕೆಲಸ ನಿಲ್ಲಿಸುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿದರೆ ಎಷ್ಟೋ ಮನೆಗಳಲ್ಲಿ ಸದ್ದು ಇಳಿಯುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮುದ್ರಣ ಮಾಡಬಾರದು. ಕರೆಂಟು ಹೋದಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆಯೇ ನಡೆಸುವುದು ಉತ್ತಮ. ಫ್ಯಾನುಗಳೆಲ್ಲ ನಿಂತು ಓಣಿಯೇ ಮೌನವಾಗುವ ಆ ಅರ್ಧ ಗಂಟೆಯನ್ನು ನಾನಂತೂ ವ್ಯರ್ಥ ಮಾಡುವುದಿಲ್ಲ.

ಮುದ್ರಣದ ಸಾಫ್ಟ್‌ವೇರಿಗೆ ಮೊದಲಿಗೆ ದುಡ್ಡು ಕೊಡಬೇಕಿಲ್ಲ. ಆಡಾಸಿಟಿ ಉಚಿತವಾಗಿದೆ, ರೀಪರ್ 60 ದಿನ ಪ್ರಯೋಗಕ್ಕೆ ಸಿಗುತ್ತದೆ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಎರಡು ಮೈಕಿನ ಮುದ್ರಣ ಗಂಟೆಗೆ ಸುಮಾರು ಒಂದು ಜಿಬಿ ಜಾಗ ಹಿಡಿಯುವುದರಿಂದ ಹಳೆಯ ಲ್ಯಾಪ್‌ಟಾಪೂ ಸಾಕಾಗುತ್ತದೆ.

ಕೊನೆಯದಾಗಿ ತಮ್ಮ ಪತ್ರಿಕೆಯ ಮೂಲಕ ಒಂದು ಬೇಡಿಕೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಮೈಕನ್ನು ಪೆಟ್ಟಿಗೆಯಿಂದ ತೆಗೆದು ಗಿರಾಕಿಯ ದನಿಗೆ ಹೊಂದುತ್ತದೆಯೇ ಎಂದು ಕೇಳಿಸುವ ಅಂಗಡಿಗಳು ನನಗೆ ಕಂಡಿಲ್ಲ. ಅಂಥ ಅನುಕೂಲಕ್ಕಾಗಿ ಹೈದರಾಬಾದಿಗೆ ಹೋಗಬೇಕು. ಹಳ್ಳಿಯ ತತ್ವಪದಕಾರರಿಗೆ ಅದು ಆಗದ ಮಾತು. ಜಿಲ್ಲಾ ಕೇಂದ್ರ ಗ್ರಂಥಾಲಯಗಳು ಪುಸ್ತಕ ಕೊಡುವ ಹಾಗೆ, ಒಂದು ಡೈನಮಿಕ್ ಮತ್ತು ಒಂದು ಕಂಡೆನ್ಸರ್ ಮೈಕು, ಇಂಟರ್‌ಫೇಸ್ ಹಾಗೂ ಹೆಡ್‌ಫೋನ್ ಇರುವ ಒಂದು ಪೆಟ್ಟಿಗೆಯನ್ನು ಠೇವಣಿ ಪಡೆದು ಮೂರು ದಿನದ ಮಟ್ಟಿಗೆ ಕೊಡುವಂತಾಗಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮನಸ್ಸು ಮಾಡಿದರೆ ಇದು ದೊಡ್ಡ ಬಾಬತ್ತೇನೂ ಅಲ್ಲ. ಜೊತೆಗೆ ಕಲಬುರಗಿ ಆಕಾಶವಾಣಿ ಕೇಂದ್ರದವರು ವರ್ಷಕ್ಕೊಂದು ದಿನ ತಮ್ಮ ಸ್ಟುಡಿಯೊವನ್ನು ಆಸಕ್ತರಿಗೆ ತೆರೆದು, ಅದರ ಗೋಡೆ-ಬಾಗಿಲುಗಳನ್ನು ಹೇಗೆ ಕಟ್ಟಲಾಗಿದೆ ಎಂದು ತೋರಿಸಿದರೆ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ಧ್ವನಿಮುದ್ರಣದ ಹವ್ಯಾಸಿ ಓದುಗ
ಬ್ರಹ್ಮಪುರ, ಕಲಬುರಗಿ